ಹೊಳೆಯಿಂದ ಎದ್ದ ಮನೆಗೆ ಚಪ್ಪಲಿ ಬಿಟ್ಟು ಹೋದ ಬೇಸಿಗೆ

ಹೊಳೆ ಹಿಂದೆ ಸರಿದ ಮೇಲೆ ಕೆಸರು ಒಣಗುತ್ತದಲ್ಲ, ಆಗ ಒಂದು ವಾಸನೆ ಏಳುತ್ತದೆ. ಮೀನು, ಜೇಕು, ಕೊಳೆತ ಜಾಲಿಯ ಬೇರು, ಎಲ್ಲ ಕೂಡಿದ್ದು. ಒಳ್ಳೆಯ ವಾಸನೆಯೇನಲ್ಲ. ಈ ಸಲ ಜಮಖಂಡಿಯಿಂದ ಬೀಳಗಿ ಬಸ್ಸಿನಲ್ಲಿ ಬರುವಾಗ ಅದು ಕಿಟಕಿಯಿಂದ ಒಳಗೆ ಬಂತು. ಮಗ್ಗುಲಲ್ಲಿ ಕುಳಿತಿದ್ದ ಹುಡುಗಿ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ತೆರೆದೆ.

ಮೊಮ್ಮಗಳು ಸುಜಾತಾಳ ಮನೆಯಿಂದ ಬರುತ್ತಿದ್ದೆ. ಜಮಖಂಡಿಯಲ್ಲಿ ಶಾಲೆಯ ಟೀಚರು ಅವಳು, ಇಬ್ಬರು ಸಣ್ಣ ಮಕ್ಕಳ ತಾಯಿ. ಶಾಲೆಗೆ ಬೇಸಿಗೆಯ ಸೂಟಿ ಬಿದ್ದ ದಿನವೇ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಗೆರೆ ಎಳೆದು ಬರೆದಿದ್ದಳು. ಸೋಮವಾರ ಚಿತ್ರ, ಮಂಗಳವಾರ ಈಜು, ಬುಧವಾರ ಮತ್ತೇನೋ. ಗುರುವಾರದ ಮನೆ ಖಾಲಿ ಇತ್ತು.

"ಆಯಿ, ಗುರುವಾರಕ್ಕ ಏನರ ಹೇಳು," ಎಂದಳು. "ನಮ್ಮ ಮೂರೂ ಮಂದಿನ್ನ ನೀ ಒಂದು ಬ್ಯಾಸಗಿ ಪೂರ್ತಿ ಹೆಂಗ ಹಿಡದಿದ್ದಿ?"

"ನಾ ಎಲ್ಲಿ ಹಿಡದಿದ್ದೆ. ಹೊಳಿ ಹಿಡದಿತ್ತು," ಎಂದೆ.

ಅವಳು ನಕ್ಕಳು. ನಾನೇನು ನಗಿಸಲಿಕ್ಕೆ ಹೇಳಿರಲಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಹಾಳೆಯ ಮೇಲೆ ಬರೆದು ಮಕ್ಕಳನ್ನು ಆಡಿಸುವುದು ನನಗೆ ಗೊತ್ತಿಲ್ಲ. ನನ್ನ ಹೊಟ್ಟೆಯ ಮಕ್ಕಳನ್ನೇ ನಾನು ಆಡಿಸಿದವಳಲ್ಲ, ಅವು ಹೊಲದ ಬದುವಿನ ಮೇಲೆ ತಾವೇ ಆಡಿ ತಾವೇ ಬೆಳೆದವು. ಆದರೆ ಆ ಒಂದು ಬೇಸಿಗೆ ನಾನು ಆಡಿಸಲೇಬೇಕಾಗಿ ಬಂತು.

ಊರು ಮುಳುಗಡೆಯಾಗಿ ಮೂರನೆಯ ಬೇಸಿಗೆ ಅದು. ಬೀಳಗಿ ತಾಲೂಕಿನ ಹೊಳೆಸಾಲಿನ ನಮ್ಮ ಊರನ್ನು ಡ್ಯಾಮಿನ ಹಿನ್ನೀರು ತೆಗೆದುಕೊಂಡಿತ್ತು. ಬಾಗಿಲು, ತೊಲೆ, ಕಂಬ, ಕಿಟಕಿಯ ಸರಳು, ಯಾವುದನ್ನೂ ಬಿಡದೆ ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು, ಮೇಲಿನ ಮಡ್ಡಿಯಲ್ಲಿ ಸರ್ಕಾರದವರು ಹಾಕಿಕೊಟ್ಟ ಹೊಸ ಊರಿಗೆ ಬಂದಿದ್ದೆವು. ಖಾರ ಕುಟ್ಟುವ ಒಳಕಲ್ಲೊಂದನ್ನು ಮಾತ್ರ ಯಾರೂ ಕೀಳಲಿಲ್ಲ. ನಮ್ಮಲ್ಲಿ ಮನೆ ಕಟ್ಟುವಾಗ ಮೊದಲು ಅದನ್ನು ನೆಲದಲ್ಲಿ ಹೂತು, ಅರಿಷಿಣ ಕುಂಕುಮ ಹಚ್ಚಿ, ಆಮೇಲೆ ಗೋಡೆ ಏಳಿಸುತ್ತಾರೆ. ಅದು ಮನೆಯದು, ಮನೆಯಲ್ಲಿರುವ ಮಂದಿಯದಲ್ಲ. ಹಾಗೆಂದು ಅದನ್ನು ಇದ್ದಲ್ಲಿಯೇ ಬಿಟ್ಟು, ಕೊನೆಯ ಸಲ ಸಾರಿಸಿ ಬಂದಿದ್ದೆವು.

ಹೊಸ ಊರಿನಲ್ಲಿ ಬೀದಿಗಳು ಹಗ್ಗ ಹಿಡಿದು ಎಳೆದಷ್ಟು ನೆಟ್ಟಗಿದ್ದವು. ಚೀಟಿ ಎತ್ತಿ ಜಾಗ ಹಂಚಿದ್ದರಿಂದ ಗೋಡೆಗೆ ಗೋಡೆ ಹಚ್ಚಿ ಬಾಳಿದವರೆಲ್ಲ ದಿಕ್ಕಿಗೊಬ್ಬರಾಗಿದ್ದರು. ತಲೆಯ ಮೇಲೆ ತಗಡು. ನೆಟ್ಟ ಬೇವಿನ ಸಸಿಗಳನ್ನು ಆಡು ತಿಂದಿದ್ದವು. ಬೇಸಿಗೆಯಲ್ಲಿ ಮಧ್ಯಾಹ್ನ ಎಲ್ಲಿ ಕೂರಬೇಕು ಎನ್ನುವುದೇ ದೊಡ್ಡ ಕೆಲಸ.

ಮಗಳು ಕಸ್ತೂರಿಯನ್ನು ಮುಳುಗಡೆಗೆ ಬಹಳ ಮೊದಲೇ ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟಿದ್ದೆವು. ಮನೆಯ ಅರ್ಧ ಜಾಗದಲ್ಲಿ ಮಗ್ಗ, ಉಳಿದರ್ಧದಲ್ಲಿ ಮಂದಿ. ಆ ಬೇಸಿಗೆ ಅವಳು ತುಂಬಿದ ಬಸುರಿ. ಅದಕ್ಕೂ ಮೊದಲು ಎರಡು ಸಲ ಬಸುರು ನಿಂತಿರಲಿಲ್ಲ. ಈ ಸಲವೂ ನಡುವೆ ತ್ರಾಸಾಯಿತು. ಹಡೆಯುವ ತನಕ ಹಾಸಿಗೆ ಬಿಟ್ಟು ಏಳಕೂಡದು, ಬಸ್ಸು ಹತ್ತುವ ಮಾತಂತೂ ಆಡಕೂಡದು ಎಂದು ಮಹಾಲಿಂಗಪುರದ ಡಾಕ್ಟರಬಾಯಿ ಕಡ್ಡಿ ಮುರಿದಂತೆ ಹೇಳಿದ್ದಳು. ಕಸ್ತೂರಿ ಮಲಗುವ ಜಾತಿಯವಳಲ್ಲ. ಆಚೆ ಖೋಲಿಯಲ್ಲಿ ಮಗು ಕೆಮ್ಮಿದರೆ ಈಚೆ ಎದ್ದು ನಿಲ್ಲುವವಳು. ಅದಕ್ಕೇ ಅವಳ ಅತ್ತೆ, ಸೂಟಿ ಮುಗಿಯುವ ತನಕ ಸುಜಾತಾ, ಬಸು, ಚನ್ನಿ ಮೂರೂ ಮಕ್ಕಳನ್ನು ಒಯ್ಯಿರಿ ಎಂದು ನನಗೆ ಹೇಳಿ ಕಳಿಸಿದರು.

ಕರೆದುಕೊಂಡು ಬರಲು ಹೋದಾಗ ಕಸ್ತೂರಿ ಮಲಗಿದಲ್ಲಿಂದಲೇ ಹೇಳಿದಳು:

"ಯವ್ವಾ, ದೊಡ್ಡವು ಎರಡೂ ಇರತಾವ. ಚನ್ನಿದ ಹೇಳಾಕ ಬರೂದಿಲ್ಲ. ಒಂದು ದಿನ ಸೈತ ನನ್ನ ಬಿಟ್ಟು ಮಲಗಿಲ್ಲ ಅದು."

"ಮಲಗತೈತಿ."

"ಅದು ಅಳಕೋತ ಕುಂತೈತಿ ಅಂತ ನನ್ನ ಕಿವಿಗೆ ಬಿತ್ತಂದ್ರ ನಾ ಇಲ್ಲಿ ಇರೂದಿಲ್ಲ ನೋಡು. ಎದ್ದು ಬಂದಬಿಡತೇನಿ. ಆಮ್ಯಾಲ ಬೈಬ್ಯಾಡ."

"ನೀ ಎದ್ದು ಬಂದರ ಬಾಗಲದಾಗ ನಿಂದ್ರಸ್ತೇನಿ, ಒಳಗ ಕರ್ಯೂದಿಲ್ಲ," ಎಂದೆ.

ಬಾಯಿಗೆ ಬಂದದ್ದು ಅಂದೆ. ಆದರೆ ಅವಳು ಬರುವವಳೇ ಎಂದು ನನಗೆ ಗೊತ್ತಿತ್ತು. ಜಮಖಂಡಿಯಲ್ಲಿ ಬಸ್ಸು ಬದಲಿಸಿ, ಆ ರಸ್ತೆಯ ಕುಣಿಗಳಲ್ಲಿ ಎದ್ದು ಬಿದ್ದು ಬಂದರೆ ಹೊಟ್ಟೆಯಲ್ಲಿದ್ದದ್ದು ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ನಾಲ್ಕು ವರ್ಷದ ಚನ್ನಿ ಅಳದ ಹಾಗೆ ನೋಡಿಕೊಳ್ಳುವುದು, ಇಷ್ಟೇ ನನ್ನ ಕೆಲಸ. ಎಂಟು ಎಕರೆ ಜೋಳ ಕೊಯ್ಯುವುದು ಇದಕ್ಕಿಂತ ಹಗುರ.

ಮೊದಲ ದಿನ ಸಂಡಿಗೆ ಇಟ್ಟೆ. ಹಿಟ್ಟು ಕಲಸಿ ಮೂವರ ಮುಂದೆ ಇಟ್ಟು, ಹಳೆಯ ಧೋತರ ಹಾಸಿಕೊಟ್ಟೆ. ಸುಜಾತಾಗೆ ಆಗ ಎಂಟು ವರ್ಷ, ಸಾಲು ಹಿಡಿದು ನೀಟಾಗಿ ಇಟ್ಟಳು. ಆರು ವರ್ಷದ ಬಸು ಆನೆ, ಬಸ್ಸು ಎಂದು ಇಟ್ಟ. ಚನ್ನಿ ತಿಂದಳು. ಕಾಗೆ ಓಡಿಸುವ ಕೆಲಸದಲ್ಲಿ ಅರ್ಧ ದಿನ ಹೋಯಿತು. ಮರುದಿನ ಶ್ಯಾವಿಗೆ. ಅದರ ಮರುದಿನ ಮಣ್ಣಿನ ಎತ್ತು. ಆಮೇಲೆ ನನಗೆ ಏನೂ ತೋಚಲಿಲ್ಲ. ಹಗಲೆಲ್ಲ ಹೇಗೋ ದೂಡಬಹುದಾಗಿತ್ತು, ದೀಪ ಹಚ್ಚುವ ಹೊತ್ತಿಗೆ ಚನ್ನಿ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ದೊಡ್ಡ ದನಿ ತೆಗೆದು ಅತ್ತಿದ್ದರೆ ಬೈಯಬಹುದಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ಕಣ್ಣೀರು ಹಾಕುತ್ತಿದ್ದಳು. ಆಮೇಲೆ ಉಣ್ಣುವುದನ್ನೂ ಬಿಟ್ಟಳು.

"ಅಳಿಯಾಗ ಫೋನ್ ಮಾಡತೇನಿ, ಬಂದು ಒಯ್ಯಲಿ," ಎಂದೆ ನಮ್ಮವರಿಗೆ.

ಅವರು ಹಗ್ಗ ಹೊಸೆಯುತ್ತ ಕೂತಿದ್ದರು. "ಒಯ್ದರ ಅಕಿ ಹಾಸಿಗಿ ಮ್ಯಾಲ ಇರತಾಳೇನ?"

"ಇರೂದಿಲ್ಲ."

"ಮತ್ತ?" ಎಂದರು. ಹಗ್ಗದ ಕಡೆಯೇ ನೋಡುತ್ತ, "ಹೊಳಿ ಬಾಳ ಕೆಳಗ ಹೋಗೇತಂತ. ಊರು ಎದ್ದೈತಂತ. ಮೀನದವರು ಅನ್ನಾಕತ್ತಿದ್ರು," ಎಂದರು.

"ನೀವು ಬರತೀರೇನ ನೋಡಾಕ?"

"ಯಾಕ ಬರಲಿ. ಕಿತ್ತ ಹಲ್ಲಿನ ಜಾಗಾಕ ಹೊಳ್ಳಿ ಹೊಳ್ಳಿ ನಾಲಿಗಿ ಹಚ್ಚಿದಂಗ."

ಮರುದಿನ ನಸುಕಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಬಿಂದಿಗೆ ನೀರು ಹಿಡಿದು ಮೂವರನ್ನೂ ಕರೆದುಕೊಂಡು ಹೊರಟೆ. ಬೇರೆ ಯಾವ ಯೋಚನೆಯೂ ಇರಲಿಲ್ಲ. ನಡೆದು ದಣಿದರೆ ಸಂಜೆ ಬೇಗ ಮಲಗುತ್ತವೆ ಎಂದು ಅಷ್ಟೇ.

ಹಳೆಯ ಬಂಡಿದಾರಿ ಇಳಿದು ಕೊನೆಯ ದಿನ್ನೆ ದಾಟಿದೆವು. ನಾನು ನಿಂತುಬಿಟ್ಟೆ.

ಸುಮ್ಮನೆ ಬೆರಗಾಗುವವಳು ನಾನಲ್ಲ. ಆದರೆ ಮೂರು ವರ್ಷ ನೀರಷ್ಟೇ ಕಂಡ ಜಾಗದಲ್ಲಿ ನಮ್ಮ ಊರು ಇತ್ತು. ಗೋಡೆ ಇಲ್ಲ, ಮಾಡು ಇಲ್ಲ, ಮರಗಳು ಕಪ್ಪು ಮೋಟು. ಮೊಣಕಾಲೆತ್ತರದ ಕಲ್ಲಿನ ಪಾಯಗಳು ಮಾತ್ರ, ಸಾಲಿಗೆ ಸಾಲು, ನಡುವೆ ಓಣಿಗಳು. ಮೇಲಿಂದ ನೋಡಿದರೆ ದೊಡ್ಡವರು ಯಾರೋ ಕೂತು ಕಟ್ಟಾಟ ಆಡಲು ನೆಲದಲ್ಲಿ ಮನೆ ಬರೆದಂತೆ ಕಾಣುತ್ತಿತ್ತು. ಕೆಸರು ಒಣಗಿ, ಹಂಚಿನ ಮೇಲೆ ಮರೆತ ರೊಟ್ಟಿಯಂತೆ ಅಂಚು ಮೇಲೆದ್ದು ಬಿರಿದಿತ್ತು. ಎಲ್ಲೆಲ್ಲೂ ಬಿಳಿ ಚಿಪ್ಪು. ಆಚೆ, ಗುಡಿಯ ಕಟ್ಟೆಯ ಹತ್ತಿರ ನೀರು ಶುರುವಾಗುತ್ತಿತ್ತು. ಆ ನೀರಿನ ಅಂಚಿಗೆ ಉದ್ದಕ್ಕೂ ಒಂದು ತಿಳಿಗುಲಾಬಿ ಪಟ್ಟೆ.

"ಆಯಿ, ಅಲ್ಲಿ ಯಾರೋ ನೂಲು ಒಣಗಾಕ ಹಾಕ್ಯಾರ," ಎಂದ ಬಸು.

ಅವನ ಊರಿನಲ್ಲಿ ಬಣ್ಣ ಕಟ್ಟಿದ ನೂಲಿನ ಲಡಿಗಳನ್ನು ಹಾಗೆಯೇ ಗಳದ ಮೇಲೆ ಇಳಿಬಿಟ್ಟಿರುತ್ತಾರೆ. ನನಗೂ ಹಾಗೆಯೇ ಕಂಡಿತು. ಇಲ್ಲಿ ಯಾರ ನೂಲು ಎಂದು ಹುಬ್ಬಿಗೆ ಕೈ ಹಚ್ಚಿ ನೋಡುತ್ತಿರುವಾಗ ಆ ನೂಲು ಎದ್ದಿತು. ಒಂದು ತುದಿಯಿಂದ ಶುರುವಾಗಿ ಇನ್ನೊಂದು ತುದಿಯ ತನಕ, ಯಾರೋ ಹಿಡಿದು ಝಾಡಿಸಿದ ಹಾಗೆ, ಪೂರ್ತಿ ಪಟ್ಟೆ ಮೇಲೆದ್ದು, ಒಳಗಿನ ಕೆಂಪು ತೋರಿಸಿ, ನಮ್ಮ ಊರಿನ ಮೇಲೆ ಒಂದು ಸುತ್ತು ಹಾಕಿತು. ಉದ್ದ ಕೊರಳು, ಉದ್ದ ಕಾಲಿನ ಹಕ್ಕಿಗಳು. ನಾನು ಹೊಳೆಯ ದಂಡೆಯಲ್ಲೇ ಹುಟ್ಟಿ ಹೊಳೆಯ ದಂಡೆಗೇ ಸೊಸೆಯಾಗಿ ಬಂದವಳು, ಅಂಥದನ್ನು ಕಂಡಿರಲಿಲ್ಲ. ಅವಕ್ಕೆ ರಾಜಹಂಸ ಅನ್ನುತ್ತಾರೆಂದು ಸುಜಾತಾ ಆಮೇಲೆ ಶಾಲೆಯಲ್ಲಿ ಕೇಳಿ ಬಂದು ಹೇಳಿದಳು. ಊರು ಇರುವ ತನಕ ಅವು ಬಂದಿರಲಿಲ್ಲ. ಊರು ಹೋದ ಮೇಲೆ ಬಂದವು. ಇದಕ್ಕೆ ಏನನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಚನ್ನಿ ನನ್ನ ಸೀರೆಯ ನಿರಿಗೆ ಹಿಡಿದು ನಿಂತಿದ್ದಳು. "ಮತ್ತ ಮಾಡಸು," ಎಂದಳು, ನಾನೇ ಹಾರಿಸಿದವಳೋ ಎನ್ನುವಂತೆ.

ಕೆಳಗಿಳಿದೆವು. ಬಸು ನೆಟ್ಟಗೆ ಪಾಯಗಳನ್ನು ಜಿಗಿಯುತ್ತ ಓಡತೊಡಗಿದ. ನಾನು ಕೂಗಿದೆ: "ಲೇ, ಹೊಳ್ಳಿ ಬಾ. ಅದು ಕುಲಕರ್ಣ್ಯಾರ ಅಡಗಿಮನಿ. ಚಪ್ಪಲಿ ಹಾಕ್ಕೊಂಡು ತಿರಗಾಡತಿಯೇನ ಅಲ್ಲಿ?"

ಅವನು ಸುತ್ತ ನೋಡಿದ. "ಆಯಿ, ಇಲ್ಲೇನೂ ಇಲ್ಲ."

"ಇಲ್ಲ ಅಂದ್ರ? ಅಡಗಿಮನಿ ಅನ್ನಾಕತ್ತಿಲ್ಲೇನ. ಓಣ್ಯಾಗ ಬಾ."

ಅಂದಮೇಲೆ ನನಗೇ ವಿಚಿತ್ರ ಅನ್ನಿಸಿತು. ಆದರೆ ಕಾಲು ಕೇಳಲಿಲ್ಲ. ಬಾವಿಯ ಓಣಿ ಹಿಡಿದು ಹೋಗಿ, ಗುಡಿಯ ಹತ್ತಿರ ಎಡಕ್ಕೆ ಹೊರಳಿ, ಇಲ್ಲದ ಗೋಡೆಯನ್ನು ಬಳಸಿಕೊಂಡೇ ಹೋದೆ. ಮಕ್ಕಳು ಮೊದಲು ನಕ್ಕವು, ಆಮೇಲೆ ನನ್ನ ಹಿಂದೆ ಸಾಲಾಗಿ ಬಂದವು. ನಮ್ಮ ಹೊಸ್ತಿಲ ಕಲ್ಲು ಇದ್ದಲ್ಲೇ ಇತ್ತು. ನಾನು ಚಪ್ಪಲಿ ಬಿಟ್ಟೆ. ಮೂವರೂ ಬಿಟ್ಟರು.

ಅಡುಗೆಮನೆಯ ಜಾಗದಲ್ಲಿ ಕೈಯಾಡಿಸಿ ಹುಡುಕಿದೆ. ಒಳಕಲ್ಲು ಕೆಸರು ತುಂಬಿಕೊಂಡು ನೆಲಕ್ಕೆ ನೆಲವಾಗಿತ್ತು. ಚನ್ನಿ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಚಿಪ್ಪಿನಿಂದ ಕೆರೆದು ಕೆರೆದು ತೆಗೆದಳು. ಬಹಳ ಹೊತ್ತು ಹಿಡಿಯಿತು, ಯಾರನ್ನೂ ಮುಟ್ಟಗೊಡಲಿಲ್ಲ. ತಳ ಸಿಕ್ಕಾಗ ಬಿಂದಿಗೆಯ ನೀರು ಹೊಯ್ದೆ. ಒಳಗೆ ಕೈಯಿಟ್ಟು ನೋಡಿದೆ. ನಾನು ರುಬ್ಬಿ ರುಬ್ಬಿ ಸವೆಸಿದ ನುಣುಪು ಹಾಗೆಯೇ ಇತ್ತು. ಮೂರು ಮಳೆಗಾಲದ ಹೊಳೆ ಅದರ ಮೇಲೆ ಹಾದುಹೋಗಿತ್ತು. ಒಂದು ಗೀರೂ ಬಿದ್ದಿರಲಿಲ್ಲ. ನಾನು ಬೇಗ ಕೈ ತೆಗೆದೆ.

"ಆಯಿ, ನಮ್ಮ ಅವ್ವ ಎಲ್ಲಿ ಮಲಗತಿದ್ಲು?" ಎಂದು ಚನ್ನಿ ಕೇಳಿದಳು.

"ಅವ್ವ ಸಣ್ಣಾಕಿ ಇದ್ದಾಗೇನ? ಇಲ್ಲೇ, ಒಳಕಲ್ಲಿನ ಮಗ್ಗಲ ಮೂಲ್ಯಾಗ. ನಾ ಖಾರ ಕುಟ್ಟಾಕ ಕುಂತರ ಇಲ್ಲೇ ಬಂದು ಬಿದ್ದಕೋತಿದ್ಲು. ಎಷ್ಟು ಬೈದರೂ ಏಳತಿರಲಿಲ್ಲ."

ಚನ್ನಿ ಆ ಮೂಲೆಗೆ ಹೋಗಿ, ಚಿಪ್ಪುಗಳನ್ನು ಕೈಯಿಂದ ಸರಿಸಿ, ಮೊಣಕಾಲು ಮಡಚಿ ಮಲಗಿದಳು. ಆಟಕ್ಕೆ ಎಂದುಕೊಂಡೆ. ರೊಟ್ಟಿ ಬಿಚ್ಚುವಷ್ಟರಲ್ಲಿ ನಿದ್ದೆ ಹತ್ತಿತ್ತು. ಬಿಸಿಲು ಬಿದ್ದ ಮೇಲೆ ನಾನು ನನ್ನ ಸೆರಗಿನ ನೆರಳು ಮಾಡಿ ಕೂತೆ. ಚನ್ನಿ ಎದ್ದು, ಎರಡು ರೊಟ್ಟಿ ತಿಂದಳು. ಆ ಸಂಜೆ ಬಾಗಿಲಿಗೆ ಹೋಗಿ ನಿಲ್ಲಲಿಲ್ಲ.

ಅವತ್ತಿನಿಂದ ಅದೇ ನಮ್ಮ ಆಟ. ನಸುಕಿನಲ್ಲಿ ಇಳಿಯುವುದು, ಬಿಸಿಲು ಏರುವ ಮೊದಲು ಹತ್ತುವುದು. ಒಬ್ಬೊಬ್ಬರಿಗೆ ಒಂದೊಂದು ಮನೆ. ಕಾಯಿದೆ ಒಂದೇ, ಓಣಿಯಲ್ಲಿ ನಡೆಯಬೇಕು, ಬಾಗಿಲಿನಿಂದ ಒಳಗೆ ಬರಬೇಕು. ಗೋಡೆ ಹಾಯ್ದವರು ಆಟದಿಂದ ಹೊರಗೆ. ಸುಜಾತಾ ಜಾಲಿಯ ಕಡ್ಡಿ ನೆಟ್ಟು ಬಾಗಿಲು ಮಾಡಿದಳು. ಬಸು ಪ್ರತಿ ಮನೆಯ ಮುಂದೆ ನಿಂತು "ಇದು ಯಾರದು? ಅವರ ಮಗ್ಗಲದ್ದು?" ಎಂದು ಕೇಳಿ ಕೇಳಿ ನನ್ನ ತಲೆ ತಿಂದ. ನಾನು ಮರೆತೇಬಿಟ್ಟಿದ್ದ ಮಂದಿಯ ಹೆಸರುಗಳು ಅವರ ಹೊಸ್ತಿಲು ಕಂಡ ಕೂಡಲೇ ಬಾಯಿಗೆ ಬರುತ್ತಿದ್ದವು.

ಒಂದು ದಿನ ಹೋದಾಗ ನಮ್ಮ ಮಗ್ಗುಲಿನ ಪಾಯದ ಮೇಲೆ ರೇಶ್ಮಾಬಿ ಕೂತಿದ್ದಳು. ನಮ್ಮ ಗೋಡೆಗೆ ಗೋಡೆ ಹಚ್ಚಿದವಳು. ಹೊಸ ಊರಿನಲ್ಲಿ ಆ ತುದಿಗೆ ಜಾಗ ಸಿಕ್ಕು ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು. ಬಸು ಅವಳ ಮನೆಯೊಳಗೆ ಕಾಲಿಡಲು ಹೋದ.

"ಏ ತಮ್ಮಾ, ಬಾಗಲಾ ಬಡದು ಬಾ," ಎಂದಳು ರೇಶ್ಮಾಬಿ, ತುಸುವೂ ನಗದೆ.

ಬಸು ಗಾಳಿಯಲ್ಲಿ ಮೂರು ಸಲ ಗುದ್ದಿದ. "ಕಟ್ ಕಟ್ ಕಟ್. ನಾ ನೀಲವ್ವನ ಮೊಮ್ಮಗ ರೀ."

"ನೀಲಕ್ಕನ ಮೊಮ್ಮಗೇನ? ಹಂಗಾರ ಅಲ್ಲೇ ನಿಲ್ಲು. ನಿಮ್ಮ ಆಯಿಗೂ ನನಗೂ ಮಾತಿಲ್ಲ."

ಅದೂ ಖರೆಯೇ. ನಡುವಿನ ಗೋಡೆ ಅವಳ ಕಡೆ ಒಂದು ಗೇಣು ಬಂದಿದೆ ಎಂದು ಅವಳು, ಬಂದಿಲ್ಲ ಎಂದು ನಾನು, ಎಷ್ಟೋ ವರ್ಷ ಮುಖ ತಿರುವಿಕೊಂಡು ನೀರು ತಂದವರು. ಈಗ ಗೋಡೆ ಹೋಗಿ ಪಾಯ ಬಯಲಾಗಿತ್ತು. ಅವಳು ಕೈ ಊರಿ ಗೇಣು ಹಾಕಿ ತೋರಿಸಿದಳು.

"ನೋಡಕ್ಕಾ. ಬಂದೈತೋ ಇಲ್ಲೋ?"

ಬಂದಿತ್ತು. "ಬಂದೈತಿ," ಎಂದೆ. "ತಗೊಂಡು ಹೋಗು ಈಗ, ಸೆರಗಿನ್ಯಾಗ ಕಟ್ಕೊಂಡು."

ರೇಶ್ಮಾಬಿ ಹೊಟ್ಟೆ ಹಿಡಿದು ನಕ್ಕಳು. ಮರುದಿನದಿಂದ ಅವಳೂ ತನ್ನ ಮನೆಗೆ ಬರತೊಡಗಿದಳು, ಬಾಗಿಲು ಬಡಿದವರಿಗೆ ಖಾರದ ಚುರುಮುರಿ ಕೊಡುತ್ತ.

ಕೊನೆಗೆ ನಮ್ಮವರೂ ಬಂದರು. ಎಮ್ಮೆ ತಪ್ಪಿಸಿಕೊಂಡಿದೆ, ಹುಡುಕಲು ಬಂದೆ ಎಂದರು. ಎಮ್ಮೆ ಮನೆಯ ಮುಂದೆ ಕಟ್ಟಿದ್ದನ್ನು ನಾನೇ ನೋಡಿ ಬಂದಿದ್ದೆ. ಅವರು ಸ್ವಲ್ಪ ಹೊತ್ತು ಹೊರಗೇ ನಿಂತು, ಚಪ್ಪಲಿ ಬಿಟ್ಟು ಒಳಗೆ ಬಂದು, ಸುಜಾತಾ ದನದ ಗ್ವಾದಲಿ ಎಂದು ಕಡ್ಡಿ ನೆಟ್ಟಿದ್ದನ್ನು ನೋಡಿ, "ಗ್ವಾದಲಿ ಅಲ್ಲಿರಲಿಲ್ಲ, ಇಲ್ಲಿತ್ತು. ಇಲ್ಲೇ ಎತ್ತು ಕಟ್ಟತಿದ್ದೆ," ಎಂದು ಕಡ್ಡಿಗಳನ್ನು ಕಿತ್ತು ತಾವೇ ಬೇರೆ ಕಡೆ ನೆಟ್ಟರು. ಬಸು ಅವರ ಎತ್ತಾದ.

ಎಲ್ಲ ಚಲೋ ನಡೆದಿತ್ತು. ಆಗ ಅಳಿಯನಿಂದ ಸುದ್ದಿ ಬಂತು. ಮಕ್ಕಳು ಆರಾಮ ಇದ್ದಾವೆ ಎಂದರೆ ಕಸ್ತೂರಿ ನಂಬುತ್ತಿಲ್ಲ. ಚನ್ನಿ ಅಳುತ್ತಿರುವುದನ್ನು ಅವ್ವ ಮುಚ್ಚಿಡುತ್ತಿದ್ದಾಳೆ, ನಾನು ಹೋಗಿ ನೋಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕಿರಾಣಿ ಅಂಗಡಿಯ ರೂಪಾಯಿ ಹಾಕುವ ಫೋನಿಗೆ ಮೂವರನ್ನೂ ಕರೆದುಕೊಂಡು ಹೋದೆ. ಅಳಿಯನ ಮನೆಯಲ್ಲಿ ನೂಲಿನ ವ್ಯಾಪಾರಕ್ಕೆಂದು ಹಾಕಿಸಿದ ಫೋನು ಇತ್ತು, ಅದರ ವಾಯರು ಅವಳ ಹಾಸಿಗೆಯ ತನಕ ಬರುತ್ತಿತ್ತು. ಚನ್ನಿಯ ಕಿವಿಗೆ ಹಿಡಿದೆ.

"ಅವ್ವಾ, ನಾ ಅಳೂದಿಲ್ಲ. ನಾ ನಿನ್ನ ಮೂಲ್ಯಾಗ ಮಲಗತೇನಿ."

ಆ ಕಡೆಯಿಂದ ಏನೋ ಕೇಳಿರಬೇಕು.

"ಒಳಕಲ್ಲಿನ ಮಗ್ಗಲಕ. ನಾ ಎಲ್ಲಾ ಕೆಸರು ತಗದೇನಿ."

ಆಮೇಲೆ ಆ ಕಡೆಯಿಂದ ಮಗ್ಗದ ಸಪ್ಪಳ ಮಾತ್ರ ಕೇಳಿಸಿತು. ನಾನು ಫೋನು ಕಸಿದುಕೊಂಡೆ.

"ಯವ್ವಾ," ಎಂದಳು ಕಸ್ತೂರಿ. "ನಮ್ಮ ಮನಿ ಹೊಳ್ಯಾಗ ಹೋತಲ್ಲ?"

"ಎದ್ದೈತಿ."

"ಒಳಕಲ್ಲು ಐತಿ?"

"ಎಲ್ಲಿ ಹೋಕ್ಕೈತಿ. ಐತಿ."

"ಹಂಗಾರ ನಾ ಬರತೇನಿ. ಒಂದ ಸಲ ನೋಡಿ ಬಂದಬಿಡತೇನಿ. ಕಾರು ಮಾಡಸ್ತಾರ ಇವರು. ಮಲಕೊಂಡ ಬರತೇನಿ."

ಅವಳು ಏಳಬಾರದೆಂದು ಮಕ್ಕಳನ್ನು ಆ ಮನೆಗೆ ಒಯ್ದಿದ್ದೆ. ಈಗ ಆ ಮನೆಯೇ ಅವಳನ್ನು ಎಬ್ಬಿಸುತ್ತಿತ್ತು.

"ಕಸ್ತೂರಿ, ನೀ ಅಲ್ಲಿಂದ ಕಾಲು ಕೆಳಗ ಇಟ್ಟರ ನಾ ನಿನ್ನ ತಾಯಿ ಅಲ್ಲ," ಎಂದೆ.

"ಮಳಿ ಬಂದರ ಮತ್ತ ಮುಳಗತೈತಿ ಯವ್ವಾ. ಮುಂದಿನ ವರ್ಷ ಏಳತೈತೋ ಇಲ್ಲೋ."

"ಏಳದಿದ್ದರ ಬಿಡಲಿ. ಕಲ್ಲು ಅದು."

ಕಲ್ಲು ಎಂದದ್ದು ನನಗೇ ನೆಟ್ಟಗೆ ಕೇಳಿಸಲಿಲ್ಲ. ಅವಳು ಅಳುತ್ತಿದ್ದಳು. ಆಗ ಸುಜಾತಾ ನನ್ನ ಕೈ ಹಿಡಿದು ಎಳೆದು ಫೋನು ತಗೊಂಡಳು. ಎಂಟು ವರ್ಷದ ಹುಡುಗಿ, ದೊಡ್ಡವರ ಹಾಗೆ ಹೇಳಿದಳು: "ಅವ್ವಾ, ನೀ ಮಲಕೋ. ನಾವು ಊರು ಪೂರ್ತಿ ಬಾಯಿಪಾಠ ಮಾಡ್ಕೊಂಡು ಬರತೇವಿ. ನೀ ಏನ ಕೇಳಿದರೂ ಹೇಳತೇವಿ. ನೀ ಎದ್ದಿ ಅಂದ್ರ ಹೇಳೂದಿಲ್ಲ."

ಕಸ್ತೂರಿ ಏನೆಂದಳೋ ತಿಳಿಯಲಿಲ್ಲ. ಆದರೆ ಅವಳು ಏಳಲಿಲ್ಲ.

ಆಮೇಲಿನದು ಆಟವಲ್ಲ. ಮಕ್ಕಳು ನಿಜಕ್ಕೂ ಬಾಯಿಪಾಠ ಮಾಡಿದವು. ಬಾವಿಯಿಂದ ನಮ್ಮ ಬಾಗಿಲಿಗೆ ಹೇಗೆ ಬರಬೇಕು, ಎಲ್ಲಿ ಹೊರಳಬೇಕು, ಅವ್ವ ಶಾಲೆಗೆ ಹೋಗುವಾಗ ಯಾವ ಕಟ್ಟೆ ಹತ್ತಿ ಇಳಿಯುತ್ತಿದ್ದಳು, ಗುಡಿಯ ಯಾವ ಮೆಟ್ಟಿಲು ಒಡೆದಿತ್ತು. ಚನ್ನಿ ಕಣ್ಣು ಮುಚ್ಚಿಕೊಂಡು ಹೊಸ್ತಿಲಿನಿಂದ ಒಳಕಲ್ಲಿಗೆ, ಒಳಕಲ್ಲಿನಿಂದ ಮೂಲೆಗೆ ಹೋಗುವುದನ್ನು ಕಲಿತಳು. ಮೊದಮೊದಲು ನಾನು ಹೇಳಿಕೊಡುತ್ತಿದ್ದೆ. ಸೂಟಿಯ ಕೊನೆಗೆ ಅವು ನನ್ನನ್ನೇ ತಿದ್ದತೊಡಗಿದವು.

ಒಂದು ಮುಂಜಾನೆ ಹೋದಾಗ ಹಕ್ಕಿಗಳಿರಲಿಲ್ಲ. ಮೇಲೆಲ್ಲೋ ಮಳೆಯಾಗಿತ್ತು, ಹೊಳೆ ಕೆಂಪಗಾಗಿ ಏರುತ್ತಿತ್ತು. ನಾವು ದಿನ್ನೆಯ ಮೇಲೆ ನಿಂತು ನೋಡಿದೆವು. ನೀರು ಒಮ್ಮೆಲೇ ಊರಿನ ಮೇಲೆ ಹರಿಯಲಿಲ್ಲ. ಗುಡಿಯ ಕಟ್ಟೆ ಬಳಸಿ, ಬಾವಿಯ ಓಣಿ ಹಿಡಿದು, ಮೆಲ್ಲಗೆ ನಡೆದು ಬಂತು. ಕುಲಕರ್ಣಿಯವರ ಮನೆಯ ಮುಂದೆ ಹಾದು, ಎಡಕ್ಕೆ ಹೊರಳಿ, ನಮ್ಮ ಓಣಿಗೆ ಬಂತು. ಒಂದು ಪಾಯದ ಮೇಲೂ ಕಾಲಿಡದೆ, ಎಲ್ಲ ಓಣಿಗಳನ್ನೂ ಮೊದಲು ತುಂಬಿತು. ನಡುವೆ ಮನೆಗಳು ಒಣಗಿ ನಿಂತಿದ್ದವು.

"ಆಯಿ," ಎಂದ ಬಸು, ದನಿ ಇಳಿಸಿ. "ನೀರಿಗೂ ಗೊತ್ತೈತಿ. ಗ್ವಾಡಿ ಹಾಯಬಾರದು ಅಂತ."

ನಮ್ಮ ಹೊಸ್ತಿಲ ಮುಂದೆ ಬಹಳ ಹೊತ್ತು ನಿಂತಿತು. ಆಮೇಲೆ ಬಾಗಿಲಿನಿಂದಲೇ ಒಳಗೆ ಹೋಯಿತು. ಸುಜಾತಾಳ ಕಡ್ಡಿಗಳು ತೇಲಿದವು. ಚನ್ನಿ ಅಳಲಿಲ್ಲ. ಒಳಕಲ್ಲು ತುಂಬಿತೇ ಎಂದು ಕೇಳಿದಳು. ತುಂಬಿತು ಎಂದೆ.

ಶಾಲೆ ಶುರುವಾಗುವ ಹೊತ್ತಿಗೆ ಮಹಾಲಿಂಗಪುರದಲ್ಲಿ ಕಸ್ತೂರಿ ಹೆಣ್ಣು ಹಡೆದಳು. ದಿನ ತುಂಬಿಸಿಕೊಂಡೇ ಬಂದ ಕೂಸು. ಪಂಚಮಿಗೆ ಮಗುವನ್ನೆತ್ತಿಕೊಂಡು, ಮೂವರನ್ನೂ ಕರೆದುಕೊಂಡು ತವರಿಗೆ ಬಂದಳು. ಬಾಣಂತಿ ಗಂಗಿಪೂಜೆ ಮಾಡಬೇಕಲ್ಲ, ಹೊಸ ಊರಿನ ನಳದ ಮುಂದೆ ಮಾಡಬಹುದಿತ್ತು. ಅವಳು ಒಲ್ಲೆ ಎಂದಳು. ಕೊಡ, ಅರಿಷಿಣ, ಎಲೆ ಅಡಿಕೆ ಹಿಡಿದು ಎಲ್ಲರೂ ಹಿನ್ನೀರಿಗೆ ಇಳಿದೆವು. ಕೂಸು ನನ್ನ ಕೈಯಲ್ಲಿತ್ತು. ನಡೆಯುತ್ತಲೇ ಕಸ್ತೂರಿ ಒಂದೊಂದೇ ಕೇಳುತ್ತಿದ್ದಳು, ಮಕ್ಕಳು ತಪ್ಪದೆ ಹೇಳುತ್ತಿದ್ದವು. ಮೆಟ್ಟಿಲು ಎರಡನೇದು ಒಡೆದದ್ದು. ಬಾವಿಯ ಹಗ್ಗದ ಗುರುತು ಬಲಗಡೆಯ ಕಲ್ಲಿಗೆ.

ದಿನ್ನೆಯ ಕೆಳಗೆ ನೀರು ತುಂಬಿ ನಿಂತಿತ್ತು. ಕಣ್ಣು ಹೋದಷ್ಟು ದೂರ ನೀರೇ. ಕಸ್ತೂರಿ ಕೊಡ ಹಿಡಿದು ಮುಂದೆ ಹೋಗಬೇಕು, ಚನ್ನಿ ಅಡ್ಡ ನಿಂತಳು.

"ಅವ್ವಾ, ಚಪ್ಪಲಿ ಬಿಡು. ಬಾಗಲಾ ನೀರಾಗೈತಿ, ಇಲ್ಲೇ ಬಿಡಬೇಕು."

ಕಸ್ತೂರಿ ನನ್ನ ಮುಖ ನೋಡಿದಳು. ನಾನು ಆಗಲೇ ಬಿಟ್ಟಿದ್ದೆ. ಅವಳೂ ಬಿಟ್ಟು, ಮೊಣಕಾಲುದ್ದ ನೀರಿಗೆ ಇಳಿದು, ಅರಿಷಿಣ ಕುಂಕುಮ ಬಿಟ್ಟು, ಕೊಡ ತುಂಬಿಕೊಂಡಳು. ಎದ್ದು ನಿಂತು, ನೀರನ್ನೇ ನೋಡುತ್ತ ಕೇಳಿದಳು:

"ನನ್ನ ಮೂಲಿ ಯಾ ಕಡೆ ಬರತೈತಿ?"

ಮೂವರೂ ಒಟ್ಟಿಗೆ ಕೈ ಎತ್ತಿ ತೋರಿಸಿದರು. ಆ ಮನೆಯಲ್ಲಿ ಸೊಸೆಯಾಗಿ ಬಂದು ಅತ್ತೆಯಾಗುವ ತನಕ ಬಾಳಿದವಳು ನಾನು, ನಾನೂ ಎತ್ತಿದ್ದೆ. ನನ್ನ ಕೈಗಿಂತ ಅವರ ಕೈಗಳು ತುಸು ಎಡಕ್ಕಿದ್ದವು, ಮೂರೂ ಒಂದೇ ಕಡೆ.

ನಾನು ಕೂಸನ್ನು ಆ ತೋಳಿನಿಂದ ಈ ತೋಳಿಗೆ ಬದಲಿಸಿ, ನನ್ನ ಕೈಯನ್ನು ಎಡಕ್ಕೆ ಸರಿಸಿಕೊಂಡೆ.